ಶಾಲೆಯ ಓದು, ಮನೆಯ ಓದು: ಒಂದರಿಂದ ಮೂರನೇ ತರಗತಿ ಮಕ್ಕಳ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಆಟಗಳಿಂದ ಕಲಿಯುವ ತರಗತಿ, ನೋಡಿಕೊಳ್ಳುವ ಶಿಕ್ಷಕಿ. ಬೆಳಿಗ್ಗೆ ಗೇಟಿನ ಹತ್ತಿರ ಅವ್ವಂದಿರು ಕೇಳುವ ಪ್ರಶ್ನೆ, ಸಂತೆಯಲ್ಲಿ ಅಪ್ಪಂದಿರು ತಡೆದು ನಿಲ್ಲಿಸಿ ಕೇಳುವ ಪ್ರಶ್ನೆ, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್‌ಗಳು ರಾತ್ರಿ ಫೋನ್ ಮಾಡಿ ಕೇಳುವ ಪ್ರಶ್ನೆ, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಉತ್ತರಗಳು ಒಂದೇ ಅಳತೆಯಲ್ಲಿಲ್ಲ. ಕೆಲವಕ್ಕೆ ಹೇಳುವುದು ಬಹಳ ಇದೆ, ಕೆಲವಕ್ಕೆ ಒಂದೇ ಮಾತು ಸಾಕು.

ನನಗೇ ಓದಲು ಬರುವುದಿಲ್ಲ ಅಕ್ಕೋರೆ. ಮಗನಿಗೆ ನಾನೇನು ಹೇಳಿಕೊಡಲಿ?

ಏನೂ ಹೇಳಿಕೊಡಬೇಡಿ. ಕೂತು ಕೇಳಿ, ಸಾಕು.

ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಓದು ಅಂದರೆ ಎರಡು ಕೆಲಸ. ಅಕ್ಷರ ನೋಡಿ ಪದ ಹೇಳುವುದು ಒಂದು. ಆ ಪದ ಏನು ಹೇಳುತ್ತಿದೆ ಅಂತ ತಿಳಿಯುವುದು ಇನ್ನೊಂದು. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಗುಣಾಕಾರದ ಲೆಕ್ಕದ ಹಾಗೆ ಬರೆದರು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಮೊದಲನೆಯದು ನಮ್ಮ ಕೆಲಸ, ಅದಕ್ಕೇ ನಮಗೆ ಸಂಬಳ. ಎರಡನೆಯದನ್ನು ನೀವು ಮಗು ಹುಟ್ಟಿದ ದಿನದಿಂದ ಮಾಡುತ್ತಲೇ ಇದ್ದೀರಿ. ಜೋಗುಳ ಹಾಡಿದ್ದು, ಬೈದದ್ದು, ಹೊಲದ ದಾರಿಯಲ್ಲಿ ಇದು ತೊಗರಿ ಅದು ಹತ್ತಿ ಅಂತ ತೋರಿಸಿದ್ದು, ಮುತ್ಯಾನ ಕಾಲದ ಬರಗಾಲದ ಕಥೆ ಹೇಳಿದ್ದು, ಎಲ್ಲಾ ಆ ಲೆಕ್ಕಕ್ಕೇ ಜಮಾ.

ಸಂಜೆ ನೀವು ರೊಟ್ಟಿ ಬಡಿಯುವ ಹೊತ್ತು ನೋಡಿ. ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ಮಗುವನ್ನು ಹೊಗೆ ಬರದ, ಬೆಳಕಿರುವ ಕಡೆ ಕೂರಿಸಿ ಓದಲು ಹೇಳಿ. ಮುಗಿದ ಮೇಲೆ ಮೂರು ಮಾತು ಕೇಳಿ. ಯಾರು ಬಂದರು? ಆಮೇಲೆ ಏನಾಯಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಉತ್ತರ ಸರಿ ಇದೆಯಾ ಅಂತ ತಿಳಿಯಲು ನಿಮಗೆ ಅಕ್ಷರ ಬೇಕಿಲ್ಲ. ಕಥೆ ಎಲ್ಲೋ ಹರಿದಿದ್ದರೆ ಕಿವಿಗೇ ಗೊತ್ತಾಗುತ್ತದೆ. “ನರಿ ಬಾವ್ಯಾಗ ಬಿತ್ತು ಅಂದಿ, ಮತ್ತ ಹೊಲಕ್ಕ ಹೆಂಗ ಬಂತು?” ಅಂತ ಕೇಳಿ. ಮಗು ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದುತ್ತದೆ. ನಮಗೆ ಬೇಕಾದದ್ದು ಅದೇ.

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿ, ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂಬ ಮಾತಿದೆ. ನಮ್ಮ ಶಾಲೆಯ ಅವ್ವಂದಿರು ಒಗಟು ಹಾಕುವುದನ್ನು ಕೇಳಿದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಅ ಆ ಇ ಈ ಬಿಟ್ಟು ರ ಗ ಸ ದ ಅಂತ ಯಾಕೆ ಶುರು ಮಾಡುತ್ತೀರಿ? ನಾವು ಕಲಿತದ್ದು ಹೀಗಲ್ಲ.

ಹೌದು, ನಾನೂ ಹೀಗೆ ಕಲಿತವಳಲ್ಲ. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸಣ್ಣದಾಗಿ ಶುರುವಾಯಿತು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅಕ್ಷರಗಳ ಸಾಲು ಬೇರೆ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

ಅಕ್ಷರಮಾಲೆಯ ಕ್ರಮ ವ್ಯಾಕರಣಕ್ಕೆ ಬಹಳ ಚೆಂದ. ಆದರೆ ಅ ಆ ಇ ಈ ಉ ಊ ಕಲಿತು ಮುಗಿಸಿದ ಮಗು ‘ಆ’, ‘ಈ’ ಬಿಟ್ಟರೆ ಒಂದು ಪದವನ್ನೂ ಓದಲಾರದು. ಅದೇ ಐದು ಅಕ್ಷರ ರ ಗ ಸ ದ ಅ ಕಲಿತರೆ ಸರ, ಅರಸ, ಅಗಸ, ಗರಗಸ ಎಲ್ಲಾ ಓದುತ್ತದೆ. ಶಾಲೆಗೆ ಸೇರಿ ಕೆಲವೇ ವಾರಕ್ಕೆ “ನಾನು ಓದಿದೆ” ಅಂತ ಮನೆಗೆ ಓಡಿ ಬರುವ ಖುಷಿ ಇದೆಯಲ್ಲ, ಅದಕ್ಕಾಗಿ ಈ ಸಾಲು. ಆಕಾರವೂ ಸುಲಭ. ರ ಬರೆಯಲು ಬಂದ ಕೈಗೆ ಗ, ಸ, ದ ದೂರವಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು: “ಇವತ್ತು ಯಾವ ಅಕ್ಷರ ಬಂತು?” ಅಂತ ಕೇಳಿ. ಆ ಅಕ್ಷರ ಇರುವ ಮನೆಯ ಮಾತು ಹುಡುಕಿ. ಗ ಬಂದಿದ್ದರೆ ಗಡಿಗೆ, ಗಂಗಾಳ, ಗಳೆ. ಮಗುವಿಗೆ ಇ ಗುಣಿತ ಬಂದ ದಿನ ಅಗಸಕ್ಕೆ ಒಂದು ಗುಡಿಸು ಹಾಕಿದರೆ ಅಗಸಿ. ಊರ ಹೆಬ್ಬಾಗಿಲು ಅನ್ನುವ ಅಗಸಿಯೂ ಅದೇ, ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯೂ ಅದೇ. ನಮ್ಮ ತರಗತಿಯಲ್ಲಿ ಈ ಪದ ಬಂದ ದಿನ ಎಲ್ಲರ ಬಾಯಲ್ಲೂ ನೀರು.

ಒಂದು ವಿನಂತಿ. ಶಾಲೆಯ ಸಾಲು ತಪ್ಪು ಅಂತ ಮನೆಯಲ್ಲಿ ಬೇರೆ ಸಾಲು ತಿದ್ದಿಸಬೇಡಿ. ಮಗು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಆಗುತ್ತದೆ. ಅಕ್ಷರಮಾಲೆ ಮುಂದೆ ಹೇಗೂ ಬರುತ್ತದೆ.

ನಮ್ಮ ಹುಡುಗಿ ಅ ದಿಂದ ಳ ವರೆಗೆ ಗಡಗಡ ಹೇಳುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಬಾಯಿ ಬಿಡಲ್ಲ.

ಹೇಳುವುದು ಹಾಡು, ಓದುವುದು ಬೇರೆ. ಅವಳಿಗೆ 49 ಅಕ್ಷರದ ಹಾಡು ಬಂದಿದೆ. ಒಂದು ಅಕ್ಷರವನ್ನು ಸಾಲಿನಿಂದ ಹೊರಗೆ ತಂದು ನಿಲ್ಲಿಸಿದರೆ ಗುರುತು ಸಿಗುತ್ತಿಲ್ಲ.

ನಮ್ಮ ಕಡೆ ಮನೆಮನೆಯಲ್ಲೂ ಶಹಾಬಾದ್ ಫರಸಿ ಕಲ್ಲು ಹಾಸಿರುತ್ತಾರೆ. ಅದಕ್ಕಿಂತ ಒಳ್ಳೆ ಪಾಟಿ ಇಲ್ಲ. ಒಂದೊಂದು ಫರಸಿಯ ಮೇಲೆ ಸೀಮೆಸುಣ್ಣದಿಂದ ಒಂದೊಂದು ಅಕ್ಷರ ಬರೆಯಿರಿ, ಕ್ರಮ ತಪ್ಪಿಸಿ. “ಸ ಮೇಲೆ ಜಿಗಿ, ದ ಮೇಲೆ ಜಿಗಿ” ಅನ್ನಿ. ಕುಂಟಬಿಲ್ಲೆ ಆಡುವ ಕಾಲಿಗೆ ಇದು ಆಟವೇ. ಬರೆಯಲು ನಿಮಗೆ ಬರದಿದ್ದರೆ ಮೂರನೆಯ ತರಗತಿಯ ಅಕ್ಕನಿಗೆ ಹೇಳಿ. ಅಕ್ಕನಿಗೂ ತಿದ್ದಿದ ಹಾಗೆ ಆಯಿತು.

ಪ, ಷ, ಫ ಅದಲುಬದಲು ಆಗುತ್ತವೆ. ದ-ಧ, ಬ-ಭ, ವ-ಮ ಕೂಡ. ಇದು ದಡ್ಡತನ ಅಲ್ಲ. ಒಂದು ಸಣ್ಣ ಗೀರು ಇದ್ದರೆ ಒಂದು ಅಕ್ಷರ, ಇಲ್ಲದಿದ್ದರೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಬರೆದು “ಎಲ್ಲಿ ವ್ಯತ್ಯಾಸ ಇದೆ, ಬೆರಳಿಟ್ಟು ತೋರಿಸು” ಅನ್ನಿ.

ಇಂಗ್ಲಿಷಿಗೆ 26 ಅಕ್ಷರ. ಕನ್ನಡ ಕಲಿಯಲು ಯಾಕೆ ಇಷ್ಟು ದಿನ?

ಲೆಕ್ಕ ಹಾಕಿ ನೋಡಿ. 34 ವ್ಯಂಜನ. ಕ ಕಾ ಕಿ ಕೀ ಅಂತ ಒಂದೊಂದಕ್ಕೂ 15 ರೂಪ. 510 ಆಯಿತು. ಒತ್ತಕ್ಷರ ಇದರ ಮೇಲೆ. ಎರಡು ಮೂರು ವರ್ಷ ಹಿಡಿಯುವುದು ಸಹಜ, ಅವಸರ ಬೇಡ. ಅದರ ಬದಲಿಗೆ ಒಂದು ಲಾಭ ಇದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ದನಿ. ಒಮ್ಮೆ ಗೊತ್ತಾದ ಅಕ್ಷರ ಯಾವ ಪದದಲ್ಲಿ ಬಂದರೂ ಮೋಸ ಮಾಡುವುದು ಕಡಿಮೆ.

ತಮಾಷೆ ಏನು ಗೊತ್ತಾ? ಮಗು ಮೊದಲು ಆಡಿದ ಮಾತುಗಳು ಅವ್ವ, ಅಪ್ಪ, ಅಕ್ಕ, ಅಣ್ಣ. ನಾಲ್ಕರಲ್ಲೂ ಒತ್ತಕ್ಷರ! ಬಾಯಿಗೆ ಎಲ್ಲಕ್ಕಿಂತ ಮೊದಲು ಬಂದದ್ದು ಕಣ್ಣಿಗೆ ತಡವಾಗಿ ಬರುತ್ತದೆ. ಅದಕ್ಕೆ ಮನೆಯಲ್ಲಿ ಇಂಥ ನಾಲ್ಕೈದು ಪದಗಳನ್ನು, ಮಗುವಿನ ಹೆಸರನ್ನೂ ಸೇರಿಸಿ, ಬಿಡಿಸದೆ ಇಡಿಯಾಗಿ ಗುರುತಿಸಲು ಬಿಟ್ಟುಬಿಡಿ. ಬಾಗಿಲಿನ ಮೇಲೆ ಬರೆದಿಟ್ಟರೆ ಸಾಕು.

ಮನೆಯಲ್ಲಿ ಪುಸ್ತಕವೇ ಇಲ್ಲ. ಏನು ಓದಿಸಲಿ?

ನಿಮ್ಮ ಊರಿಗೆ ಬಸ್ಸು ಬರುತ್ತದೆ ಅಲ್ವಾ?

ನಾನು ವರ್ಷಗಟ್ಟಲೆ ಕಾರ್ಡು, ಚಾರ್ಟು ಮಾಡಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಬೋರ್ಡಿನಷ್ಟು ಕ್ರಮವಾಗಿ ಓದು ಕಲಿಸುವ ವಸ್ತು ನನಗೆ ಬೇರೆ ಸಿಗಲಿಲ್ಲ. ಸುರಪುರ ನೋಡಿ. ಸು ರ ಪು ರ. ಉ ಗುಣಿತ ಒಂದು ಬಂದರೆ ಸಾಕು. ಅಫಜಲಪುರವೂ ಹಾಗೇ, ಉದ್ದ ಇದ್ದರೂ ಸುಲಭ. ಕಲಬುರಗಿಯಲ್ಲಿ ಎರಡು ಗುಣಿತ. ಯಾದಗಿರಿಯಲ್ಲಿ ಮೂರು. ಒಂದರಲ್ಲೂ ಒತ್ತು ಇಲ್ಲ. ಸೊನ್ನೆ ಕಲಿಯಲು ಸೇಡಂ, ಆಳಂದ, ಚಿಂಚೋಳಿ. ಒತ್ತಕ್ಷರಕ್ಕೆ ಚಿತ್ತಾಪುರ, ಭಾಲ್ಕಿ, ಬಸವಕಲ್ಯಾಣ. ಕೊನೆಗೆ ಜೇವರ್ಗಿ. ಅಲ್ಲಿ ಅರ್ಕಾವತ್ತು ಇದೆ. ರ್ ಅಂತ ಮೊದಲು ಹೇಳಿ ಗಿ ಆಮೇಲೆ ಹೇಳುತ್ತೇವೆ, ಬರೆಯುವಾಗ ಗಿ ಮೊದಲು, ರ್ ಗುರುತು ಆಮೇಲೆ. ದೊಡ್ಡವರೂ ತಡವರಿಸುವ ಜಾಗ ಅದು. ಜೇವರ್ಗಿ ಓದಿದ ಮಗು ಕರ್ನಾಟಕ ಓದುತ್ತದೆ.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ತವರಿಗೆ, ದವಾಖಾನೆಗೆ, ಜಾತ್ರೆಗೆ ಓಡಾಟ ಜಾಸ್ತಿ ಆಗಿದೆ. ಮಗುವನ್ನು ನಿಲ್ದಾಣದಲ್ಲಿ ನಿಲ್ಲಿಸಿ “ನಮ್ಮ ಬಸ್ಸು ಯಾವುದು, ಓದಿ ಹೇಳು” ಅನ್ನಿ. ತಪ್ಪು ಓದಿದರೆ ತಪ್ಪು ಬಸ್ಸು ಹತ್ತುತ್ತೇವೆ ಅನ್ನುವ ಹೆದರಿಕೆ ಯಾವ ಪರೀಕ್ಷೆಯಲ್ಲೂ ಇಲ್ಲ. ನೀವು ಒಮ್ಮೆ ಕಂಡಕ್ಟರ್ ಅವರನ್ನು ಕೇಳಿಕೊಂಡೇ ಹತ್ತಿ, ಅದು ಬೇರೆ ಮಾತು.

ಇನ್ನೂ ಇದೆ. ಲಗ್ನಪತ್ರಿಕೆ ಬಂದರೆ ಅದರಲ್ಲಿ ಕಾಕಾ, ಮಾಮಾ, ಅತ್ತೆಯ ಹೆಸರು ಹುಡುಕಲು ಹೇಳಿ. ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಅಪ್ಪನ ಹೆಸರು. ರೇಷನ್ ಅಂಗಡಿ ಬೋರ್ಡು. ತೊಗರಿ ಬೇಳೆ ಪಾಕೀಟು. ಹೊಲಕ್ಕೆ ಹೊಡೆಯುವ ಔಷಧಿ ಬಾಟಲಿ ಮಾತ್ರ ಬೇಡ, ಓದುವ ಆಸೆಗೆ ಅದನ್ನು ಕೈಗೆ ಕೊಡಬೇಡಿ.

ಕಥೆ ಪುಸ್ತಕ ಎಲ್ಲಿ ಸಿಗುತ್ತದೆ? ದುಡ್ಡು ಎಷ್ಟು?

ಮೊದಲು ಶಾಲೆಯಲ್ಲೇ ಕೇಳಿ. ಬಹಳ ಕಡೆ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಪಾಲಕರು ಕೇಳಿದರೆ ಬೀಗ ತೆಗೆಯುತ್ತದೆ. ಆಮೇಲೆ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಮಾಡಿಕೊಟ್ಟರು. ಹೋಗಿ ಮಗುವಿನ ಹೆಸರು ಬರೆಸಿ.

ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿ ಸಿಗುತ್ತವೆ. ಒಂದನೇ ಹಂತದಿಂದ ನಾಲ್ಕನೇ ಹಂತದವರೆಗೆ ವಿಂಗಡಿಸಿದ್ದಾರೆ. ಒಂದನೇ ಹಂತದ್ದರಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೆ, ಅಲ್ಲಿಂದ ಶುರು ಮಾಡಿ.

ಮನೆಯಲ್ಲಿ ನಾವು ಆಡುವ ಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಮಗುವಿನ ಮಾತು ತಿದ್ದಬೇಕಾ?

ಬೇಡ. ದಯವಿಟ್ಟು ಬೇಡ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ಚಾರ್ಟಿನಲ್ಲಿ ಈರುಳ್ಳಿ ಚಿತ್ರ ತೋರಿಸಿ “ಇದು ಯಾವ ಅಕ್ಷರದಿಂದ ಶುರು?” ಅಂತ ಕೇಳಿದೆ. ಒಬ್ಬ ಹುಡುಗ ಥಟ್ಟನೆ “ಉ” ಅಂದ. ತಪ್ಪು ಅಂದೆ. ಇನ್ನೊಬ್ಬಳೂ “ಉ” ಅಂದಳು. ತಪ್ಪು ಅಂದೆ. ಇಡೀ ತರಗತಿ ಸುಮ್ಮನಾಯಿತು. ಊಟದ ಹೊತ್ತಿಗೆ ಅಡುಗೆಯವರು “ಉಳ್ಳಾಗಡ್ಡಿ ಮುಗದಾವರಿ ಮೇಡಂ” ಅಂದಾಗ ನನಗೆ ಹೊಳೆಯಿತು. ಮಕ್ಕಳು ಸರಿಯಾಗೇ ಹೇಳಿದ್ದರು. ಉಳ್ಳಾಗಡ್ಡಿ ಉ ದಿಂದಲೇ ಶುರುವಾಗುತ್ತದೆ. ಅಕ್ಷರ ಬಂದ ಮಕ್ಕಳಿಗೆ ಅಕ್ಷರ ಬಂದಿಲ್ಲ ಅಂದಿದ್ದೆ.

ಈಗ ನಾವು ಜೋಡಿ ಪದ ಬರೆಯುತ್ತೇವೆ. ಸಾಲಿ ಮತ್ತು ಶಾಲೆ. ಶೇಂಗಾ ಮತ್ತು ಕಡಲೆಕಾಯಿ. ನಿಚ್ಚಣಿಕಿ ಮತ್ತು ಏಣಿ. ಮನ್ಯಾಗ ಮತ್ತು ಮನೆಯಲ್ಲಿ. ಒಂದು ಮನೆಯದು, ಒಂದು ಪುಸ್ತಕದ್ದು. ಎರಡೂ ಸರಿ. ಮಗು ಪುಸ್ತಕದಲ್ಲಿ ‘ಹೋಗಿದ್ದಾನೆ’ ಅಂತ ಇದ್ದದ್ದನ್ನು ‘ಹೋಗ್ಯಾನ’ ಅಂತ ಓದಿದರೆ ಅರ್ಥ ಆಗಿದೆ ಅಂತಲೇ ಲೆಕ್ಕ. ನಿಧಾನಕ್ಕೆ “ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ ನೋಡೋಣ” ಅಂದರೆ ಸಾಕು. ಮನೆಯ ಮಾತು ಹೀನ ಅನ್ನುವ ಭಾವನೆ ಒಮ್ಮೆ ಬಂದರೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಓದು ಕಲಿಸುವುದು ಹೇಗೆ?

ನಮ್ಮದು ತಾಂಡಾ. ಮನೆಯಲ್ಲಿ ಕನ್ನಡ ಇಲ್ಲ.

ಮನೆಯಲ್ಲಿ ಲಂಬಾಣಿಯಲ್ಲೇ ಕಥೆ ಹೇಳಿ. ಕಥೆಗೆ ಒಂದು ಶುರು, ಒಂದು ತೊಡಕು, ಒಂದು ಕೊನೆ ಇರುತ್ತದೆ ಅಂತ ಯಾವ ಭಾಷೆಯಲ್ಲಿ ಕಲಿತರೂ ಅದು ಕನ್ನಡ ಓದಿಗೆ ಉಪಯೋಗಕ್ಕೆ ಬರುತ್ತದೆ. ಲಂಬಾಣಿಗೆ ತನ್ನದೇ ಲಿಪಿ ಇಲ್ಲ, ಕನ್ನಡ ಅಕ್ಷರದಲ್ಲಿ ಬರೆಯಬಹುದು. ‘ಯಾಡಿ’ ಅಂತ ಬರೆದು ತೋರಿಸಿ. ತನ್ನ ತಾಯಿಯನ್ನು ಕರೆಯುವ ಮಾತು ಹಲಗೆ ಮೇಲೆ ಕಂಡ ಮಗುವಿನ ಮುಖ ಒಮ್ಮೆ ನೋಡಿ. ಅಮ್ಮ ಅನ್ನುವುದಕ್ಕಿಂತ ಇದು ಸುಲಭ ಕೂಡ, ಒತ್ತಕ್ಷರ ಇಲ್ಲ.

ಉರ್ದು ಮಾತಾಡುವ ಮನೆಗಳಲ್ಲಿ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಅನ್ನುವ ಗೊಂದಲದ ಭಯ ಇರುತ್ತದೆ. ಮಕ್ಕಳಿಗೆ ಅದು ಬೇಗ ಹೊಂದುತ್ತದೆ. ಸಾಲಿನ ಶುರುವಿನಲ್ಲಿ ಒಂದು ಚುಕ್ಕೆ ಇಟ್ಟುಕೊಡಿ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. ಹಾಗಾಗಿ ಕೆಲವು ಮನೆಯ ಮುತ್ಯಾಗಳಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಅವರು ಉರ್ದು ಓದಲಿ, ಮೊಮ್ಮಗ ಕನ್ನಡ ಓದಲಿ. ಒಬ್ಬರನ್ನೊಬ್ಬರು ಕೇಳಲಿ. ಗುರುಮಠಕಲ್, ಸೇಡಂ ಕಡೆಯ ತೆಲುಗು ಮನೆಗಳಿಗಂತೂ ಇನ್ನೂ ಹತ್ತಿರ. ಎರಡೂ ಲಿಪಿ ಒಂದೇ ಬೇರಿನವು.

ದಿನಾ ಎಷ್ಟು ಹೊತ್ತು?

ಹತ್ತರಿಂದ ಹದಿನೈದು ನಿಮಿಷ. ಭಾನುವಾರ ಒಂದೇ ಸಲ ಎರಡು ತಾಸು ಕೂರಿಸುವುದಕ್ಕಿಂತ ಇದು ಮೇಲು.

ತಪ್ಪು ಓದಿದರೆ ಕೂಡಲೇ ತಿದ್ದಬೇಕಾ?

ಮನಸ್ಸಿನಲ್ಲಿ ಐದು ಎಣಿಸಿ. ಬಹಳ ಸಲ ಮಗುವೇ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳದಿದ್ದರೆ, ಅರ್ಥ ಕೆಟ್ಟಿದೆಯಾ ನೋಡಿ. ‘ದನ ಹುಲ್ಲು ತಿಂದಿತು’ ಅನ್ನುವುದನ್ನು ‘ಧನ ಹುಲ್ಲು ತಿಂದಿತು’ ಅಂದರೆ ಬಿಟ್ಟುಬಿಡಿ. ‘ದನ ಹುಲಿ ತಿಂದಿತು’ ಅಂದರೆ ನಗಿ, ಅವನನ್ನೂ ನಗಿಸಿ, ಮತ್ತೆ ಓದಿಸಿ. ಗಟ್ಟಿಯಾಗಿ ಬೈದರೆ ಓದು ಅಂದರೆ ಬೈಗುಳ ಅನ್ನುವ ನೆನಪು ಉಳಿಯುತ್ತದೆ.

ಚಿತ್ರ ನೋಡಿ ಬಾಯಿಪಾಠ ಹೇಳುತ್ತಾನೆ. ಓದಿದ ಹಾಗೆ ನಟನೆ.

ಮಾಡಲಿ ಬಿಡಿ. ಪುಸ್ತಕ ಹಿಡಿದು ಕಥೆ ಹೇಳುವುದೇ ಓದಿನ ಮೊದಲ ಮೆಟ್ಟಿಲು. ಸ್ವಲ್ಪ ದಿನದ ಮೇಲೆ ಪದದ ಕೆಳಗೆ ಬೆರಳು ಇಡಲು ಹೇಳಿ. ಬಾಯಿ ಮುಂದೆ ಹೋಗಿ ಬೆರಳು ಹಿಂದೆ ಉಳಿದಾಗ ಅವನಿಗೇ ಗೊತ್ತಾಗುತ್ತದೆ, ಇಲ್ಲೇನೋ ತಪ್ಪಿದೆ ಅಂತ.

ನಟನೆ ವಿಷಯ ಬಂದದ್ದಕ್ಕೆ ಒಂದು ನೆನಪು. ಒಬ್ಬ ತಾಯಿಗೆ ಮಗನ ಡೈರಿಯಲ್ಲಿ ಅರ್ಧ ಪುಟ ಬರೆದು ಕಳಿಸಿದ್ದೆ. ಆಕೆಗೆ ಓದಲು ಬರುವುದಿಲ್ಲ ಅನ್ನುವ ಯೋಚನೆಯೇ ನನಗೆ ಇರಲಿಲ್ಲ. ಮಗನೇ ಓದಿ ಹೇಳಿದನಂತೆ: “ನಾ ಭಾಳ ಛಲೋ ಓದ್ತೀನಂತ, ಹತ್ತು ರೂಪಾಯಿ ಕೊಡಬೇಕಂತ.” ಮರುದಿನ ಆಕೆ ಗೇಟಿನ ಹತ್ತಿರ ನಿಂತು ನನಗೆ ಕೈಮುಗಿದಳು. ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ. ಅಂದಿನಿಂದ ಮನೆಗೆ ಚೀಟಿ ಬರೆಯುವ ಬದಲು ಬಾಯಿಂದಲೇ ಹೇಳುತ್ತೇನೆ.

ಒಂದು ಪಾಠ ಹತ್ತು ಸಲ ಕಾಪಿ ಬರೆಸಿದರೆ ಓದು ಬರುತ್ತಾ?

ಕೈ ನೋವು ಬರುತ್ತದೆ. ಬರೆಸುವುದಾದರೆ ಮಗುವಿನದೇ ಒಂದು ಮಾತು ಬರೆಸಿ. “ಇವತ್ತು ಆಕಳು ಕರು ಹಾಕಿತು.” ತಾನು ಆಡಿದ ಮಾತು ಓದುವುದು ಮಗುವಿಗೆ ಸುಲಭ, ಮುಂದೇನು ಬರುತ್ತದೆ ಅಂತ ಅದಕ್ಕೆ ಗೊತ್ತು.

ಯಾವ ತರಗತಿಗೆ ಎಷ್ಟು ಓದಬೇಕು?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಶುರು ಮಾಡಿತು. ಮೂರನೇ ತರಗತಿ ಮುಗಿಸುವ ಎಲ್ಲಾ ಮಕ್ಕಳೂ 2026-27ರ ಹೊತ್ತಿಗೆ ಅರ್ಥಮಾಡಿಕೊಂಡು ಓದಬೇಕು ಅನ್ನುವುದು ಗುರಿ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸುಲಭ ಪದಗಳ ಸಣ್ಣ ವಾಕ್ಯ. ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ. ಮೂರನೆಯದರಲ್ಲಿ ಕಡಿಮೆ ಅಂದರೂ 60.

ನನ್ನ ಅಭಿಪ್ರಾಯ: ನಿಮಿಷದ ಲೆಕ್ಕವನ್ನು ಮನೆಗೆ ತರಬೇಡಿ. ಕನ್ನಡದಲ್ಲಿ ‘ಮನೆಯಲ್ಲಿರುವವರೆಲ್ಲರೂ’ ಅಂದರೂ ಒಂದೇ ಪದ, ‘ದನ’ ಅಂದರೂ ಒಂದೇ ಪದ. ಗಡಿಯಾರ ಹಿಡಿದು ಕೂತರೆ ಮಗು ಓಡುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ವೇಗ ಅಳೆಯುವ ಕೆಲಸ ನಮಗೆ ಬಿಡಿ.

ಆದರೆ ಎರಡನೇ ತರಗತಿ ಮುಗಿಯುತ್ತಾ ಬಂದರೂ ಸರಳ ಪದ ಓದದಿದ್ದರೆ, ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದರೆ, ಕರೆದದ್ದು ಕೇಳಿಸದಿದ್ದರೆ ಕಾಯಬೇಡಿ. ಟೀಚರ್‌ಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ‘ದಡ್ಡ’ ಅನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದದ್ದು ಒಂದು ಕನ್ನಡಕ.

ಮೊಬೈಲ್ ಕೊಡಬಹುದಾ?

ನಿಮ್ಮ ಕೈಯಲ್ಲಿ ಇರಲಿ, ಇಬ್ಬರೂ ನೋಡಿ. ಮಗುವಿನ ಕೈಗೆ ಹೋದ ಮೊಬೈಲ್ ಐದು ನಿಮಿಷಕ್ಕೆ ರೀಲ್ಸ್ ಆಗುತ್ತದೆ, ನಾನೂ ಮನೆಯಲ್ಲಿ ನೋಡಿದ್ದೇನೆ.

ತೊಗರಿ ರಾಶಿ ಮುಗಿದ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತೇವೆ. ಓದು ಅಲ್ಲಿಗೇ ನಿಲ್ಲುತ್ತದೆ.

ಇದು ನಮ್ಮ ಕಡೆಯ ದೊಡ್ಡ ಪ್ರಶ್ನೆ. ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಹತ್ತಿ ಬಿಡಿಸುವ ದಿನಗಳಲ್ಲೂ ನನ್ನ ಹಾಜರಿ ಪುಸ್ತಕ ಅರ್ಧ ಖಾಲಿ.

ಹೋಗುವ ಮುಂಚೆ ಹೇಳಿ ಹೋಗಿ. ಇದು ಮೊದಲನೆಯದು. ಬಹಳ ಜನ ಟೀಚರ್ ಬೈಯುತ್ತಾರೆ ಅಂತ ಹೇಳದೆ ಹೋಗುತ್ತಾರೆ. ಹೇಳಿದರೆ ಮಗು ಕಲಿಕೆಯ ಏಣಿಯಲ್ಲಿ, ಅಂದರೆ ನಲಿಕಲಿಯ ಕಲಿಕೆಯ ಮೆಟ್ಟಿಲುಗಳಲ್ಲಿ, ಎಲ್ಲಿದೆ ಅಂತ ಬರೆದುಕೊಡುತ್ತೇನೆ, ಪಠ್ಯಪುಸ್ತಕದ ಜೊತೆಗೆ ಎರಡು ಕಥೆ ಪುಸ್ತಕ ಕೊಡುತ್ತೇನೆ. ಅಲ್ಲಿನ ಶಾಲೆಗೆ ಸೇರಿಸಲು ಹೋದಾಗ ವರ್ಗಾವಣೆ ಪತ್ರ ಬಂದಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಈ ಒಂದು ಮಾತು ನೆನಪಿಟ್ಟುಕೊಂಡು ಹೋಗಿ.

ಮಗುವನ್ನು ಊರಲ್ಲಿ ಆಯಿಯ, ಅಂದರೆ ಅಜ್ಜಿಯ, ಹತ್ತಿರ ಬಿಟ್ಟು ಹೋಗುವುದಾದರೆ ಫೋನ್ ಇದೆಯಲ್ಲ. ರಾತ್ರಿ ಊಟ ಆಯಿತಾ, ಜಗಳ ಮಾಡಿದೆಯಾ ಅಂತ ಕೇಳಿದ ಮೇಲೆ “ಇವತ್ತು ಒಂದು ಪುಟ ಓದಿ ಹೇಳು” ಅನ್ನಿ. ಕಟ್ಟಡದ ಕೆಳಗೆ ಶೆಡ್ಡಿನಲ್ಲಿ ಕೂತು ಮಗಳ ಓದು ಕೇಳಿದ ಒಬ್ಬ ಅಪ್ಪ ಯುಗಾದಿಗೆ ಊರಿಗೆ ಬಂದಾಗ, ಆ ಮೊಲದ ಕಥೆ ಮುಂದೇನಾಯಿತು ಅಂತ ನನ್ನನ್ನೇ ಕೇಳಿದ.

ಮಗ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಓದಿಸಿದರೆ ಇಂಗ್ಲಿಷ್ ಹಾಳಾಗುತ್ತಾ?

ಆಗುವುದಿಲ್ಲ. ಅಕ್ಷರ ಅಂದರೆ ದನಿ, ದನಿ ಕೂಡಿದರೆ ಪದ ಅನ್ನುವ ಗುಟ್ಟು ಒಮ್ಮೆ ಗೊತ್ತಾದರೆ ಸಾಕು, ಅದು ಎರಡನೇ ಭಾಷೆಗೂ ಬರುತ್ತದೆ. ಗೊತ್ತಿರುವ ಮಾತಿನಲ್ಲಿ ಆ ಗುಟ್ಟು ಬೇಗ ಸಿಗುತ್ತದೆ.

ಬೇಸಿಗೆ ರಜೆಯಲ್ಲಿ ಎಲ್ಲಾ ಮರೆತು ಬರುತ್ತಾರೆ.

ಸ್ವಲ್ಪ ಮರೆಯುತ್ತಾರೆ, ಹೌದು. ನಮ್ಮ ಬಿಸಿಲಿಗೆ ಮಧ್ಯಾಹ್ನ ಹೊರಗೆ ಆಡುವ ಹಾಗಿಲ್ಲ. ಆ ಹೊತ್ತು ನೆರಳಿನಲ್ಲಿ ಒಗಟಿನ ಆಟ ಆಡಿ. “ಅಂಗಿ ಬಿಚ್ಚಿ ಬಾವಿಗೆ ಬಿದ್ದ, ಯಾರು?” ಬಾಳೆಹಣ್ಣು. ಆಯಿ ಹೇಳಿದ ಒಗಟನ್ನು ಮಗು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ, ಕಾಗುಣಿತ ತಪ್ಪಿದ್ದರೂ ಸರಿ. ಜೂನ್‌ನಲ್ಲಿ ಅದನ್ನು ಶಾಲೆಗೆ ಕಳಿಸಿ. ಹೋದ ವರ್ಷ ಹೀಗೆ ಬಂದ ಒಗಟುಗಳನ್ನು ತರಗತಿಯಲ್ಲಿ ಕಾರ್ಡು ನೇತುಹಾಕುವ ಚಪ್ಪರಕ್ಕೆ ತೂಗುಹಾಕಿದ್ದೆವು. ಮಕ್ಕಳು ನಮ್ಮ ಕಾರ್ಡುಗಳಿಗಿಂತ ಅವನ್ನೇ ಜಾಸ್ತಿ ಓದಿದರು.

ನಾನು ಟೀಚರ್. ಪಾಲಕರ ಸಭೆ ಕರೆದರೆ ನಾಲ್ಕು ಜನ ಬರುತ್ತಾರೆ. ಏನು ಮಾಡಲಿ?

ಯಾವ ಹೊತ್ತಿಗೆ ಕರೆದಿರಿ? ಬೆಳಿಗ್ಗೆ ಹನ್ನೊಂದಕ್ಕೆ ಕೂಲಿಗೆ ಹೋದವರು ಹೇಗೆ ಬರುತ್ತಾರೆ? ಒಂದು ದಿನದ ಸಭೆಗೆ ಒಂದು ದಿನದ ಕೂಲಿ ಹೋಗುತ್ತದೆ. ನಾವು ಹೊತ್ತು ಬದಲಿಸಿದೆವು, ಸಂಜೆ, ಗುಡಿಯ ಕಟ್ಟೆಯ ಮೇಲೆ. ಭಾಷಣ ಬಿಟ್ಟೆವು. ಮಕ್ಕಳೇ ಎದ್ದು ನಿಂತು ಒಂದೊಂದು ಪುಟ ಓದಿದರು. ತನ್ನ ಮಗು ಓದುತ್ತದೆ ಅಂದರೆ ಯಾವ ಅಪ್ಪ ಬರುವುದಿಲ್ಲ? ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರಿಗೆ ಇದನ್ನು ಹೇಳಿ, ಅವರೇ ಮೈಕ್ ತರುತ್ತಾರೆ. ಮೈಕ್ ಬೇಡ ಅನ್ನಿ. ಮೈಕ್ ಬಂದರೆ ಭಾಷಣವೂ ಬರುತ್ತದೆ.

ಮನೆಗೆ ಪುಸ್ತಕ ಕಳಿಸಿದರೆ ವಾಪಸ್ ಬರುತ್ತವಾ?

ಬರುತ್ತವೆ. ಎಣ್ಣೆ ಕಲೆ, ಅರಿಶಿನದ ಬೆರಳು, ಒಮ್ಮೆ ಆಡು ತಿಂದ ಮೂಲೆ, ಎಲ್ಲಾ ಸೇರಿ ಬರುತ್ತವೆ. ಶುಕ್ರವಾರ ಕೊಡಿ, ಮಂಗಳವಾರ ಕೇಳಿ. ಮಕ್ಕಳೇ ಒಬ್ಬರು ರಿಜಿಸ್ಟರ್ ಬರೆಯಲಿ. ಮೊದಲ ತಿಂಗಳು ಒಂದೆರಡು ಕಳೆಯುತ್ತವೆ, ಅದನ್ನು ಖರ್ಚು ಅಂತ ಬರೆದುಬಿಡಿ.

ಪುಸ್ತಕ ಹರಿದಿದೆ. ಟೀಚರ್ ಬೈಯುತ್ತಾರೆ ಅಂತ ಮಗಳು ಮೂರು ದಿನದಿಂದ ಶಾಲೆಗೆ ಹೋಗಿಲ್ಲ.

ನಾಳೆ ಬೆಳಿಗ್ಗೆ ಹರಿದ ಪುಸ್ತಕದ ಜೊತೆಗೇ ಕಳಿಸಿ. ಅಂಟು ನಮ್ಮ ಹತ್ತಿರ ಇದೆ.